ಸೂಜಿ ಹಿಡಿಯೋಣ, ಪುಸ್ತಕ ಬಿಡದೆ

"ಪಿಯುಸಿ ಆದಮೇಲೆ ಮಗಳು ಏನು ಮಾಡ್ತಾಳೆ?" ಎಂದು ಯಾರಾದರೂ ಕೇಳಿದರೆ ನಮ್ಮ ಅನೇಕ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ, "ಟೈಲರಿಂಗ್ ಕಲೀಲಿ ಬಿಡಿ." ಹಾಸನವಾಗಲಿ, ಹೊಳೆನರಸೀಪುರವಾಗಲಿ, ಅರಕಲಗೂಡು, ಚನ್ನರಾಯಪಟ್ಟಣವಾಗಲಿ, ಈ ಮಾತು ಕೇಳದ ಹುಡುಗಿ ಕಡಿಮೆ. ಇದರಿಂದ ಹೊಲಿಗೆ ಎಂದರೆ ಓದು ನಿಂತಿತು ಎಂಬ ಅರ್ಥವೇ ಬಂದುಬಿಟ್ಟಿದೆ. ಚೆನ್ನಾಗಿ ಓದುವ ಗೆಳತಿಯರು ಸೂಜಿ ಮುಟ್ಟಲೂ ಹಿಂಜರಿಯುತ್ತಾರೆ. "ಕೈಗೆ ಬಂತು ಅಂತ ಗೊತ್ತಾದರೆ ಕಾಲೇಜು ಬಿಡಿಸಿಬಿಡ್ತಾರೆ" ಎಂದು ಒಬ್ಬಳು ನನಗೆ ಹೇಳಿದ್ದು ತಮಾಷೆಗಲ್ಲ.

ನನಗೆ ಹೊಲಿಗೆ ಎಂದರೆ ಬಹಳ ಇಷ್ಟ. ಹಾಗಾಗಿಯೇ ಈ ಲೇಖನ. ಹೊಲಿಗೆ ಒಂದು ಒಳ್ಳೆಯ ಹವ್ಯಾಸ. ಅದನ್ನು ಓದಿಗೆ ಬದಲಿಯಾಗಿ ಕೊಡುವುದು ಓದಿಗೂ ಅನ್ಯಾಯ, ಹೊಲಿಗೆಗೂ ಅನ್ಯಾಯ.

ನಮ್ಮ ಬಸ್ಸಿನಲ್ಲಿ ಬರುವ ಕೆಲವರನ್ನು, ಅವರ ಮೂಲಕ ಅವರ ಅಮ್ಮಂದಿರನ್ನು, "ನೀವು ಹೊಲಿಯಲು ಶುರು ಮಾಡಿದ್ದು ಹೇಗೆ?" ಎಂದು ಕೇಳಿದೆ. ಕ್ಲಾಸಿಗೆ ಸೇರಿ ಶುರು ಮಾಡಿದವರು ಕಡಿಮೆ. ಹೆಚ್ಚಿನವರು ಶುರು ಮಾಡಿದ್ದು ಒಂದು ಸಣ್ಣ ಅಗತ್ಯದಿಂದ. ಯೂನಿಫಾರಂ ಗುಂಡಿ ಕಿತ್ತಿತ್ತು. ರೆಡಿಮೇಡ್ ಚೂಡಿದಾರ್ ಸಡಿಲವಾಗಿತ್ತು. ರಂಜಾನ್ ಅರ್ಧ ಕಳೆದಿತ್ತು, ಯಾವ ಟೈಲರೂ ಹೊಸ ಆರ್ಡರ್ ತೆಗೆದುಕೊಳ್ಳಲಿಲ್ಲ, ತಂಗಿಗೆ ಈದ್‌ಗೆ ಫ್ರಾಕ್ ಬೇಕಿತ್ತು. ಒಮ್ಮೆ ಮಾಡಿದ ಮೇಲೆ ಕೈ ಸುಮ್ಮನಿರಲಿಲ್ಲ. ಅಗತ್ಯಕ್ಕೆ ಹಿಡಿದ ಸೂಜಿ ಆಮೇಲೆ ಖುಷಿಗೂ ಕೈಯಲ್ಲೇ ಉಳಿಯಿತು.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಸುಂದರ ಉದಾಹರಣೆ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆಯ ಸೀರೆ, ಬಟ್ಟೆ ಚೂರುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಅವರು ಅದನ್ನು 'ಕವಂದಿ' ಎನ್ನುತ್ತಾರೆ. ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ; ಕೌದಿ ಮೂವರಿಗೂ ಸೇರಿದ್ದು. ಒಂದು ಮೂಲೆಯಿಂದ ಹಿಡಿದು, ಅಂಚಿನ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೆಷಿನ್ ಬೇಕಿಲ್ಲ, ಹೊಸ ಬಟ್ಟೆಯೂ ಬೇಕಿಲ್ಲ. ಈ ಕೌದಿಗಳು ಇಂದು ವಿದೇಶದ ಕಲಾ ಪ್ರದರ್ಶನಗಳವರೆಗೆ ಹೋಗಿವೆ. ನಮ್ಮ ನಾನಿ, ದಾದಿಯರು ಹೊಲಿದ ಗೋದಡಿಯೂ ಇದರ ಅಕ್ಕ ತಂಗಿಯೇ. ಅದನ್ನು ನಾವು ಮಡಚಿ ಅಟ್ಟಕ್ಕೆ ಹಾಕಿದ್ದೇವೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಶುರು ಮಾಡಲು ಮೆಷಿನ್‌ಗೆ ಕಾಯಬೇಡಿ. ಒಂದು ಸೂಜಿ, ಎರಡು ಬಣ್ಣದ ದಾರ, ಒಂದು ಕತ್ತರಿ ಸಾಕು. ಮೊದಲು ಗುಂಡಿ, ಆಮೇಲೆ ಬಿಟ್ಟುಹೋದ ಹೊಲಿಗೆ, ಆಮೇಲೆ ದುಪಟ್ಟಾದ ಅಂಚು, ಅಮ್ಮನ ಸೀರೆಯ ಫಾಲ್. ಇಷ್ಟರಲ್ಲಿ ಬಟ್ಟೆಯ ಗುಣ ಕೈಗೆ ತಿಳಿಯುತ್ತದೆ. ಮೆಷಿನ್ ಸಿಕ್ಕಾಗಲೂ ಆತುರ ಬೇಡ. ದಾರ ಹಾಕದೆ, ನೋಟ್‌ಬುಕ್‌ನ ಗೆರೆ ಇರುವ ಹಾಳೆಯನ್ನು ಸೂಜಿಯ ಕೆಳಗಿಟ್ಟು, ಗೆರೆ ತಪ್ಪದಂತೆ ತುಳಿಯುವುದೇ ಮೊದಲ ಪಾಠ. ಚಕ್ರ ಹಿಂದಕ್ಕೆ ತಿರುಗಬಾರದು, ತಿರುಗಿದರೆ ದಾರ ಸಿಕ್ಕಾಗುತ್ತದೆ, ತುಂಡಾಗುತ್ತದೆ. ಕಾಲು ಮತ್ತು ಕೈ ಒಂದು ಲಯಕ್ಕೆ ಬರುವವರೆಗೆ ಕಾಗದ. ಬಂದ ಮೇಲೆ ಹಳೆಯ ದಿಂಬಿನ ಕವರ್. ಬ್ಲೌಸ್ ಕಟಿಂಗ್ ಎಲ್ಲ ಆಮೇಲಿನ ಮಾತು.

ಇನ್ನು ಹುಡುಗರ ವಿಷಯ. "ಅದು ಹುಡುಗಿಯರ ಕೆಲಸ" ಎನ್ನುವವರು ಬಜಾರಿನಲ್ಲಿ ಒಂದು ಸುತ್ತು ಹಾಕಿ ಬರಲಿ. ಮೆಷಿನ್ ಮುಂದೆ, ಕೊರಳಿಗೆ ಟೇಪ್ ಹಾಕಿ ಕೂತ ಗಂಡಸರು ಎಷ್ಟು ಮಂದಿ ಇಲ್ಲ? ದುಡ್ಡು ಬಂದರೆ ಗಂಡಸಿನ ಕಸುಬು, ದುಡ್ಡು ಬಾರದಿದ್ದರೆ ಹೆಂಗಸಿನ ಮನೆಗೆಲಸ ಎನ್ನುವುದು ಯಾವ ನ್ಯಾಯ? ಪ್ರವಾದಿ ಮುಹಮ್ಮದ್ (ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಹಜ್ರತ್ ಆಯಿಶಾ (ರ) ಹೇಳಿದ್ದು ಹದೀಸ್‌ನಲ್ಲಿದೆ. 12ನೇ ಶತಮಾನದ ವಚನಕಾರರಲ್ಲಿ ಒಬ್ಬರ ಹೆಸರೇ ಸೂಜಿಕಾಯಕದ ರಾಮಿತಂದೆ. ಹೀಗಿರುವಾಗ ಹಾಸ್ಟೆಲ್ ಹುಡುಗ ಒಂದು ಗುಂಡಿ ಹಾಕಿಸಲು ವಾರಾಂತ್ಯಕ್ಕೆ ಅಮ್ಮನ ಬಳಿ ಹೋಗುವುದು ಹೆಮ್ಮೆಯ ವಿಷಯವಲ್ಲ.

ಹೊಲಿಗೆಯಿಂದ ಬದುಕು ಕಟ್ಟಿಕೊಂಡವರನ್ನು ನಾನು ಕಡಿಮೆ ಮಾಡುತ್ತಿಲ್ಲ. ಹಾಸನದ ಹಿಮತ್‌ಸಿಂಗ್‌ಕಾ ಕಾರ್ಖಾನೆಯ ಬೆಡ್‌ಶೀಟ್‌ಗಳು ಅಮೆರಿಕಕ್ಕೆ ಹೋಗುತ್ತವೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವಿದೆ. ಆದರೆ ಆ ಯೋಜನೆಗೂ 18 ವರ್ಷ ತುಂಬಿರಬೇಕು. ಇಷ್ಟಪಟ್ಟು ಈ ಕಸುಬಿಗೆ ಹೋಗುವುದು ಬೇರೆ, ಬೇರೆ ದಾರಿಯನ್ನೆಲ್ಲ ಮುಚ್ಚಿ ಕಳಿಸುವುದು ಬೇರೆ. ಸೂಜಿ ಯಾವ ವಯಸ್ಸಿನಲ್ಲೂ ಕೈಗೆ ಬರುತ್ತದೆ. ಡಿಗ್ರಿಗೆ ಸೇರುವ ವಯಸ್ಸು ಹಾಗಲ್ಲ, ಒಮ್ಮೆ ತಪ್ಪಿದರೆ ಮತ್ತೆ ಕೂಡಿಬರುವುದು ಕಷ್ಟ.

ನಮ್ಮ ಉಪನ್ಯಾಸಕರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನದೊಂದು ವಿನಂತಿ. ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ 'ರಿಪೇರಿ ಗಂಟೆ' ಎಂದು ಇಡಿ. ಹುಡುಗರಿಗೂ ಇರಲಿ, ಹುಡುಗಿಯರಿಗೂ ಇರಲಿ. ಹರಿದದ್ದು, ಗುಂಡಿ ಬಿಚ್ಚಿದ್ದು, ಉದ್ದವಾದದ್ದು ಏನಾದರೂ ಒಂದು ತಂದು ಅವರವರೇ ಸರಿಮಾಡಿಕೊಳ್ಳಲಿ. ಗೊತ್ತಿರುವವರು ಗೊತ್ತಿಲ್ಲದವರಿಗೆ ತೋರಿಸಲಿ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ. ಲೆಕ್ಕಶಾಸ್ತ್ರದಲ್ಲಿ ಮುಂದಿರುವ ಹುಡುಗಿಯೇ ಚೆನ್ನಾಗಿ ಹೊಲಿಯುವುದನ್ನು ಪೋಷಕರೂ ನೋಡಲಿ.

ಪೋಷಕರಿಗೂ ಒಂದು ಮಾತು. ಮಗಳಿಗೆ ಮೆಷಿನ್ ಕೊಡಿಸಿ, ಖಂಡಿತ ಕೊಡಿಸಿ. ಜೊತೆಗೆ ಡಿಗ್ರಿ ಕಾಲೇಜಿನ ಅರ್ಜಿಯನ್ನೂ ತುಂಬಿಸಿ. ಎರಡನ್ನೂ ನಿಭಾಯಿಸುವ ಶಕ್ತಿ ನಮಗಿದೆ.

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)