ಕರಪತ್ರದಲ್ಲಿ ಕ್ಯಾಸಿಯೋದವನಿಗೆ ಜಾಗವಿಲ್ಲ

ಚನ್ನರಾಯನದುರ್ಗ ಹೋಬಳಿಯ ಒಂದೂರಿನ ಪರಿಷೆಗೆ ‘ಕುರುಕ್ಷೇತ್ರ’ ಆಡಿದರು. ಕರಪತ್ರ ನಮ್ಮ ಕೈಗೂ ಬಂತು. ಎರಡೂ ಬದಿ ಬಣ್ಣದ ಅಚ್ಚು. ಮೇಲೆ ದೇವರ ಫೋಟೋ, ಅದಕ್ಕಿಂತ ದೊಡ್ಡದಾಗಿ ಮುಖಂಡರ ಫೋಟೋ. ಆಮೇಲೆ ಪಾತ್ರವರ್ಗ: ಕೃಷ್ಣ, ದುರ್ಯೋಧನ, ಕರ್ಣ, ಭೀಮ, ಶಕುನಿ. ಎಲ್ಲರಿಗೂ ಹೆಸರಿದೆ, ತಂದೆಯ ಹೆಸರೂ ಇದೆ. ಸೀನರಿಯವರ ಹೆಸರು ಫೋನ್ ನಂಬರ್ ಸಮೇತ. ಹಾರ್ಮೋನಿಯಂ ಮಾಸ್ಟರ ಹೆಸರು ದಪ್ಪಕ್ಷರದಲ್ಲಿ. ಊಟದ ದಾನಿ, ಪೆಂಡಾಲ್ ದಾನಿ, ಹೂವಿನ ಹಾರದ ದಾನಿ. ಎಲ್ಲ ಮುಗಿದು ಇನ್ನೇನು ಪ್ರೆಸ್ಸಿನ ಹೆಸರು ಬರಬೇಕು ಅನ್ನುವಾಗ ಸಣ್ಣಕ್ಷರದ ಒಂದು ಸಾಲು: ‘ಕ್ಯಾಸಿಯೋ ಮತ್ತು ರಿದಂ ಪ್ಯಾಡ್ ವ್ಯವಸ್ಥೆ ಇದೆ.’

ವ್ಯವಸ್ಥೆ ಇದೆ! ಕುಡಿಯುವ ನೀರಿನ ವ್ಯವಸ್ಥೆ ಇದೆ ಅಂದಹಾಗೆ.

ಆ ‘ವ್ಯವಸ್ಥೆ’ಗೆ ಎರಡು ಕೈ, ಎರಡು ಕಿವಿ, ಮನೆಯಲ್ಲಿ ಹೆಂಡತಿ ಮಕ್ಕಳು, ಸಂಘದಲ್ಲಿ ಸಾಲ ಎಲ್ಲ ಇದೆ. ಅವನನ್ನು ನಾವು ಬಲ್ಲೆವು. ಹೆಸರು ಬರೆಯಬೇಡಿ ಅಂದಿದ್ದಾನೆ. ಬರೆದರೆ ಮುಂದಿನ ಸಲ ಕರೆಯಲ್ಲ ಅನ್ನುವ ಭಯ. ಹೆಸರು ಬರಬೇಕಾದ ಕಡೆ ಬರಲಿಲ್ಲ, ಬರೆಯುತ್ತೇವೆ ಅಂದವರಿಗೆ ಬೇಡ ಅನ್ನಬೇಕಾಯಿತು. ಹೀಗಿದೆ ನಮ್ಮ ಕಡೆಯ ಎಲೆಕ್ಟ್ರಾನಿಕ್ ಸಂಗೀತಗಾರನ ಬಾಳು.

ಆ ರಾತ್ರಿ ನಾವು ರಂಗದ ಎಡಗಡೆ, ಅವನ ಬೆನ್ನ ಹಿಂದೆಯೇ ಕೂತಿದ್ದೆವು. ನಾಟಕ ನೋಡುವುದಕ್ಕಿಂತ ಅವನ ಕೈ ನೋಡಿದ್ದೇ ಹೆಚ್ಚು. ಕೃಷ್ಣ ಬಂದ, ಕೊಳಲು. ಶಕುನಿ ದಾಳ ಉರುಳಿಸಿದ, ಮೈ ಜುಂ ಅನ್ನಿಸುವ ಒಂದು ಸದ್ದು. ಭೀಮ ಗದೆ ಬೀಸಿದ. ಆ ಗದೆ ರಟ್ಟಿನದು, ಬಿದ್ದರೆ ಸದ್ದೇ ಇಲ್ಲ. ಸದ್ದು ಬಂದದ್ದು ಪಕ್ಕದ ಹುಡುಗನ ಪ್ಯಾಡಿನಿಂದ. ಅರ್ಧ ಕ್ಷಣ ತಡವಾಗಿದ್ದರೆ ಭೀಮ ನಗೆಪಾಟಲಾಗುತ್ತಿದ್ದ. ಊರಿನವರು ಭೀಮನಿಗೆ ಶಿಳ್ಳೆ ಹೊಡೆದರು.

ಇನ್ನು ಹಾಡು. ನಮ್ಮ ಪೌರಾಣಿಕ ನಾಟಕದಲ್ಲಿ ಪಾತ್ರಧಾರಿಗಳು ರೈತರು, ಮೇಷ್ಟ್ರು, ಅಂಗಡಿಯವರು, ಲೈನ್‌ಮನ್ನರು. ಒಬ್ಬೊಬ್ಬರದು ಒಂದೊಂದು ಶ್ರುತಿ. ಕರ್ಣ ಬಿಳಿ ನಾಲ್ಕಕ್ಕೆ ಶುರು ಮಾಡಿ, ಕುಂತಿಯ ಮುಂದೆ ಅಳುವ ಹೊತ್ತಿಗೆ ಗಂಟಲು ಇಳಿದು ಎಲ್ಲೋ ಮಧ್ಯದಲ್ಲಿ ನಿಂತಿದ್ದ. ಹಾರ್ಮೋನಿಯಂ ಮಾಸ್ಟರು ಕಣ್ಣು ಕೆಕ್ಕರಿಸಿದರು. ಕ್ಯಾಸಿಯೋದವನು ಒಂದು ಗುಂಡಿ ಒತ್ತಿ ಶ್ರುತಿ ಅರ್ಧ ಮನೆ ಇಳಿಸಿ, ಏನೂ ಆಗಿಲ್ಲವೆಂಬಂತೆ ಕರ್ಣನನ್ನು ದಡ ಸೇರಿಸಿದ. ನಡುವೆ ಕರ್ಣನ ಬಾಮೈದ ರಂಗಕ್ಕೆ ಹತ್ತಿ ನೋಟಿನ ಹಾರ ಹಾಕಿದ, ಇನ್ನೊಬ್ಬ ಶಾಲು ಹೊದಿಸಿದ, ಮೈಕಿನಲ್ಲಿ ಅವರ ಹೆಸರು ಕೂಗಿದರು. ಅಷ್ಟು ಹೊತ್ತೂ ರಾಗ ಬಿಡದೆ ಹಿಡಿದುಕೊಂಡು ಕೂತಿದ್ದವನು ಇವನೇ. ‘ಒನ್ಸ್‌ಮೋರ್’ ಬಂತು. ಕರ್ಣನಿಗೆ.

ಬೆಳಗಿನ ಜಾವ ಯುದ್ಧ ಮುಗಿಯಿತು. ಮಂಗಳಾರತಿಯೂ ಆಯಿತು. ಲೆಕ್ಕದ ಪುಸ್ತಕ ತೆಗೆದರು. ಮಾತಾಗಿದ್ದದ್ದು ಎರಡೂವರೆ ಸಾವಿರ, ಕೈಗೆ ಬಂದದ್ದು ಸಾವಿರದ ಎಂಟುನೂರು. ‘ಜನರೇಟರ್ ಬಾಡಿಗೆ ಜಾಸ್ತಿ ಆಗೋಯ್ತು ಕಣಪ್ಪ, ದೇವರ ಕೆಲಸ, ಅಡ್ಜಸ್ಟ್ ಮಾಡ್ಕೊ’ ಅಂದರು ಹಿರಿಯರು. ಡೀಸೆಲ್ಲಿಗೆ ಅಡ್ಜಸ್ಟ್ ಮಾಡಿಕೋ ಅನ್ನಲಾಗದು. ಸೀನರಿಯವರು ಮುಂಗಡ ತೆಗೆದುಕೊಂಡೇ ಗಾಡಿ ಹತ್ತಿಸಿರುತ್ತಾರೆ. ಉಳಿದವನು ಇವನೊಬ್ಬ. ಪುಸ್ತಕದಲ್ಲಿ ಅವನ ಸಾಲು ಎಲ್ಲಿತ್ತು ಗೊತ್ತೇ? ಜನರೇಟರಿನ ಕೆಳಗೆ, ಬಾಡಿಗೆ ಕುರ್ಚಿಯ ಮೇಲೆ.

ಇಲ್ಲಿ ಜಗಳ ಒಂದು ಸಮಿತಿಯ ಜೊತೆ ಅಲ್ಲ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಲ್ಲ ಕಡೆ ಇದೇ ಕತೆ. ಪಾವಗಡದ ಕಡೆ ಹೋದರೆ ಇನ್ನೊಂದು ಪರೀಕ್ಷೆ. ಸುತ್ತ ಆಂಧ್ರ. ಆರ್ಕೆಸ್ಟ್ರಾ ಅಂದರೆ ಒಂದು ಕನ್ನಡ ಹಾಡು, ಒಂದು ತೆಲುಗು ಹಾಡು. ಎರಡೂ ಭಾಷೆಯ ಹಳೆಯದು ಹೊಸದು ಎಲ್ಲ ಬೆರಳ ತುದಿಯಲ್ಲಿರಬೇಕು. ಇಷ್ಟೆಲ್ಲ ಬಲ್ಲವನಿಗೆ ದುಡಿಮೆ ಇರುವುದು ಶಿವರಾತ್ರಿಯಿಂದ ವೈಶಾಖದವರೆಗೆ, ಆಮೇಲೆ ಗಣೇಶ, ಆಮೇಲೆ ರಾಜ್ಯೋತ್ಸವ. ಆಷಾಢದಲ್ಲಿ ಕ್ಯಾಸಿಯೋಗೆ ಬಟ್ಟೆ ಹೊದಿಸಿ ಅಟ್ಟ ಹತ್ತಿಸುತ್ತಾರೆ. ಮಳೆ ಕೈಕೊಟ್ಟು ಕಡಲೆಕಾಯಿ ಹೋದ ವರ್ಷ ನಾಟಕವೂ ಇಲ್ಲ. ಒಳ್ಳೆಯ ಪ್ಯಾಡು ಹೊಸದಾದರೆ ಅರ್ಧ ಲಕ್ಷ ದಾಟುತ್ತದೆ. ಕಂತು ಆಷಾಢ ನೋಡುವುದಿಲ್ಲ.

ಇದನ್ನು ಹೇಳಿದರೆ ನಮ್ಮ ಕಡೆಯ ಕಲಾಭಿಮಾನಿಗಳು ಒಂದು ಮಾತು ತೆಗೆಯುತ್ತಾರೆ: ‘ಅದೆಂಥ ಕಲೆ ಸ್ವಾಮಿ? ಕರೆಂಟಿನ ಪೆಟ್ಟಿಗೆ. ಅದು ಬಂದೇ ನಾಟಕ ಕೆಟ್ಟಿದ್ದು. ನಮ್ಮ ಹಾರ್ಮೋನಿಯಂ ಏನು, ತಬಲ ಏನು!’

ನಮ್ಮ ಹಾರ್ಮೋನಿಯಂ. ಒಳ್ಳೆಯದು, ಅದರ ಕತೆಯನ್ನೇ ಕೇಳಿ. ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ. ಕಾಲಲ್ಲಿ ತುಳಿಯುತ್ತಿದ್ದ ಅದನ್ನು ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆಯಾಗಿ 1875ರಲ್ಲಿ ಮಾಡಿಕೊಟ್ಟವರು ಕಲ್ಕತ್ತದ ದ್ವಾರಕಾನಾಥ ಘೋಷ್. ಇದು ಪರದೇಶಿ ಪೆಟ್ಟಿಗೆ, ಇದರಲ್ಲಿ ನಮ್ಮ ಗಮಕ ಬರುವುದಿಲ್ಲ ಎಂದು ಆಗಿನ ದೊಡ್ಡವರೂ ಮೂಗು ಮುರಿದಿದ್ದರು. 1940ರ ಮಾರ್ಚಿನಿಂದ ಆಕಾಶವಾಣಿ ಅದನ್ನು ಪ್ರಸಾರದಿಂದಲೇ ಹೊರಗಿಟ್ಟಿತು. ಒಳಗೆ ಬಿಡಲು 1971 ಬರಬೇಕಾಯಿತು. ಆ ಮೂವತ್ತು ವರ್ಷ ಅದನ್ನು ಕಾಪಾಡಿದ್ದರಲ್ಲಿ ಕಂಪನಿ ನಾಟಕಗಳ, ಹಳ್ಳಿ ನಾಟಕಗಳ ಪಾಲು ದೊಡ್ಡದು. ಆಕಾಶವಾಣಿ ಬೇಡ ಅಂದದ್ದನ್ನು ನಮ್ಮ ಅಜ್ಜಂದಿರು ಮಡಿಲಲ್ಲಿಟ್ಟುಕೊಂಡರು. ಮೊಮ್ಮಕ್ಕಳು ಕೀಬೋರ್ಡಿಗೆ ಅದೇ ಬೈಗುಳ ಬೈಯುತ್ತಿದ್ದಾರೆ. ತಮಾಷೆಯೆಂದರೆ, ಹಾರ್ಮೋನಿಯಂನಲ್ಲಿ ಸ್ವರ ಎಳೆಯಲು ಬರುವುದಿಲ್ಲ, ಕೀಬೋರ್ಡಿನಲ್ಲಿ ಬರುತ್ತದೆ. ಎಡಗಡೆ ಒಂದು ಚಕ್ರವಿದೆ, ನೋಡಿ. ಅದನ್ನು ತಿರುಗಿಸಿ ಕೊಳಲು ಜಾರಿಸುವುದು ಗೊತ್ತಿರುವವನು ನುಡಿಸಿದರೆ ಕಣ್ಣು ಮುಚ್ಚಿ ಕೇಳಬಹುದು.

ಸ್ಯಾಕ್ಸೋಫೋನ್ ಬೆಲ್ಜಿಯಂನವನೊಬ್ಬ ಮಾಡಿದ ವಾದ್ಯ. ಅದರಲ್ಲಿ ಕರ್ನಾಟಕ ಸಂಗೀತ ಕೇಳಿಸಿದ ಕದ್ರಿ ಗೋಪಾಲನಾಥರ ಕ್ಯಾಸೆಟ್ ಹಾಕದ ದೇವಸ್ಥಾನ ನಮ್ಮಲ್ಲಿ ಎಷ್ಟಿವೆ? ಕಛೇರಿಯಲ್ಲಿ ತಂಬೂರಿಯ ಬದಲಿಗೆ ಗುಂಯ್ಗುಡುವ ಶ್ರುತಿ ಪೆಟ್ಟಿಗೆಯೂ ಎಲೆಕ್ಟ್ರಾನಿಕ್ಕೇ. ಬೆಂಗಳೂರಿನ ರಾಡೆಲ್ ಕಂಪನಿಯ ರಾಜ್‌ ನಾರಾಯಣ್ ಕೊಳಲು ವಾದಕರು, ಎಂಜಿನಿಯರ್ ಕೂಡ. ಅವರು ಮಾಡಿದ ಶ್ರುತಿ ಪೆಟ್ಟಿಗೆ, ತಾಳದ ಪೆಟ್ಟಿಗೆಗಳನ್ನು ವಿದ್ವಾಂಸರೇ ವೇದಿಕೆಗೆ ತಂದರು. ಸಭಾಂಗಣದಲ್ಲಿ ಕರೆಂಟಿನ ಪೆಟ್ಟಿಗೆ ಶಾಸ್ತ್ರೀಯ, ಊರ ಪೆಂಡಾಲಿನಲ್ಲಿ ಅದೇ ಕಲಬೆರಕೆ. ಎಲ್ಲಿಯ ನ್ಯಾಯ?

ಗುಬ್ಬಿ ವೀರಣ್ಣನವರು ನಮ್ಮ ಜಿಲ್ಲೆಯವರೇ. ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆ ರಂಗಕ್ಕೆ ತಂದವರು. ಅವರು ಇವತ್ತಿದ್ದಿದ್ದರೆ ಪ್ಯಾಡು ಬೇಡ ಅನ್ನುತ್ತಿದ್ದರೆಂದು ನಮಗಂತೂ ಅನ್ನಿಸುವುದಿಲ್ಲ.

ಆದರೆ ಇನ್ನೊಂದು ಆಕ್ಷೇಪ ಬರುತ್ತದೆ, ಅದು ಹಗುರದ್ದಲ್ಲ. ಕ್ಯಾಸಿಯೋ ಬಂದ ಮೇಲೆ ಕ್ಲಾರಿಯೋನೆಟ್‌ನವರು ಹೋದರು, ಪಿಟೀಲಿನವರು ಹೋದರು, ಎಷ್ಟೋ ಕಡೆ ತಬಲದವರೂ ಹೋದರು. ನಾಲ್ಕು ಜನರ ಅನ್ನ ಒಬ್ಬನ ಪೆಟ್ಟಿಗೆ ನುಂಗಿತು. ನಿಜ. ಒಪ್ಪುತ್ತೇವೆ. ಆದರೆ ಆ ನಾಲ್ವರನ್ನು ಬಿಡಿಸಿದ್ದು ಕ್ಯಾಸಿಯೋದವನಲ್ಲ, ನಾಲ್ಕು ಸಂಬಳ ಯಾಕೆ ಕೊಡಬೇಕು ಎಂದು ಲೆಕ್ಕ ಹಾಕಿದವರು. ಅದೇ ಲೆಕ್ಕ ಈಗ ಕ್ಯಾಸಿಯೋದವನ ಕೊರಳಿಗೂ ಬಂದಿದೆ. ಆರ್ಕೆಸ್ಟ್ರಾ ಅಂತ ಬ್ಯಾನರ್ ಕಟ್ಟಿ, ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಟ್ರ್ಯಾಕ್ ಹಾಕಿ ಇಬ್ಬರು ಹಾಡಿ ಹೋಗುತ್ತಾರೆ. ಮೆರವಣಿಗೆಗೆ ಡಿಜೆ ಅಂತ ಲಾರಿ ತುಂಬ ಬಾಕ್ಸ್ ತರುತ್ತಾರೆ, ಒಂದು ಪೆನ್‌ಡ್ರೈವ್ ಸಿಕ್ಕಿಸುತ್ತಾರೆ, ಎದೆ ಅದುರುತ್ತದೆ. (ಕೈಯಲ್ಲಿ ಹಾಡು ಕಟ್ಟುವ, ಬೆಸೆಯುವ ನಿಜವಾದ ಡಿಜೆಗಳೂ ಇದ್ದಾರೆ, ಅವರೂ ಸಂಗೀತಗಾರರೇ. ನಮ್ಮೂರಿಗೆ ಬರುವುದು ಅವರಲ್ಲ, ಬಾಕ್ಸ್ ಮಾಲೀಕರು.) ಆ ಲಾರಿಗೆ ಮರುಮಾತಿಲ್ಲದೆ ದುಡ್ಡು ಎಣಿಸುತ್ತಾರೆ. ಬೆರಳು ನುಡಿಸುವವನ ಹತ್ತಿರ ಏಳುನೂರು ರೂಪಾಯಿ ಮುರಿದುಕೊಳ್ಳುತ್ತಾರೆ.

ಆ ರಾತ್ರಿ ಪ್ಯಾಡ್ ಬಾರಿಸಿದ ಹುಡುಗನ ಮಾತೂ ಹೇಳಬೇಕು. ಅವನ ಅಪ್ಪ ತಮಟೆಯವರು. ಊರಿನ ಎಲ್ಲ ಉತ್ಸವಕ್ಕೂ ಅವರದೇ ತಮಟೆ. ಆದರೆ ಗುಡಿಯ ಮೆಟ್ಟಿಲಿನಿಂದ ಇಷ್ಟು ದೂರ ನಿಲ್ಲಬೇಕು, ಊಟ ಕೊನೆಯ ಪಂಕ್ತಿ, ಕೂಲಿ ಕಾಳು ಕಡಿ. ಮಗ ಅದೇ ಗತ್ತುಗಳನ್ನು ಪ್ಯಾಡಿಗೆ ತಂದಿದ್ದಾನೆ. ಎಂಟು ರಬ್ಬರ್ ಹಾಳೆಗಳ ಮೇಲೆ ಅಪ್ಪನ ತಮಟೆ ನುಡಿಯುತ್ತದೆ. ವ್ಯತ್ಯಾಸ ಒಂದೇ: ಅವನು ರಂಗದ ಮೇಲೆ ಕೂತಿರುತ್ತಾನೆ. ‘ತಮಟೆ ಹಿಡಿದ್ರೆ ಲೇ ಅಂತಾರೆ, ಪ್ಯಾಡ್ ಹಿಡಿದ್ರೆ ಬ್ರದರ್ ಅಂತಾರಣ್ಣ’ ಅಂದ. ತಮಟೆ ಸತ್ತಿತು, ಉರುಮೆ ಸತ್ತಿತು ಎಂದು ವಿಚಾರ ಸಂಕಿರಣಗಳಲ್ಲಿ ಕಣ್ಣೀರು ಹಾಕುವವರು ತಮಟೆಯವನನ್ನು ಯಾವ ಮೆಟ್ಟಿಲಿನಲ್ಲಿ ನಿಲ್ಲಿಸಿದ್ದೆವು ಅಂತಲೂ ಒಮ್ಮೆ ಹೇಳಲಿ.

ಇನ್ನು ಸರ್ಕಾರ. 2021ರ ಮೇ ತಿಂಗಳಲ್ಲಿ ಕೊರೋನಾ ಎರಡನೇ ಅಲೆಯ ಹೊತ್ತಿಗೆ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು, ಇಡೀ ರಾಜ್ಯಕ್ಕೆ 16,095 ಜನಕ್ಕೆ ಅಂತ ಲೆಕ್ಕ. ಎರಡು ಬೇಸಿಗೆ ಒಂದೂ ಪರಿಷೆ ಇಲ್ಲದೆ ಕೂತಿದ್ದ ನಮ್ಮ ಗೆಳೆಯ ಅರ್ಜಿ ಹಾಕಲು ಹೋದ. ಯಾವ ಕಲೆ? ಅವನಿಗೇ ಗೊತ್ತಾಗಲಿಲ್ಲ. ಜಾನಪದವೇ? ಅಲ್ಲ. ಶಾಸ್ತ್ರೀಯವೇ? ಅಲ್ಲ. ನಾಟಕವೇ? ಪಾತ್ರ ಮಾಡಿಲ್ಲ. ದಾಖಲೆ ಏನಿದೆ? ಒಂದೂ ಇಲ್ಲ. ಎದ್ದು ಬಂದ.

ಈ ದಾಖಲೆ ಅನ್ನುವುದೇ ಇಲ್ಲಿಯ ಮುಖ್ಯ ವಿಷಯ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ 58 ತುಂಬಿದ ಕಲಾವಿದರು ಅರ್ಜಿ ಹಾಕುತ್ತಾರಲ್ಲ, ಅವರು ಇಷ್ಟು ವರ್ಷ ಕಲೆಯಲ್ಲಿ ದುಡಿದಿದ್ದೇನೆ ಎಂದು ತೋರಿಸಬೇಕು. ಹಳ್ಳಿಯವನ ಹತ್ತಿರ ಅದಕ್ಕೆ ಏನಿರುತ್ತದೆ? ಹಳೆಯ ಕರಪತ್ರ, ಪೇಪರಿನ ತುಣುಕು, ಒಂದು ಫೋಟೋ, ಒಂದು ಪ್ರಶಸ್ತಿ ಪತ್ರ. ನೀವು ಸಣ್ಣಕ್ಷರದಲ್ಲಿ ‘ವ್ಯವಸ್ಥೆ ಇದೆ’ ಎಂದು ಹಾಕಿದ ದಿನವೇ ಅವನ ಮುಪ್ಪಿನ ಒಂದು ಕಾಗದ ಹರಿದಿರಿ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ರಾತ್ರಿಯೆಲ್ಲ ನಿದ್ದೆಗೆಟ್ಟು ನುಡಿಸಿದ್ದಕ್ಕೆ ಈ ತಾಲ್ಲೂಕಿನಲ್ಲಿ ಒಂದು ಚೂರು ಸಾಕ್ಷಿ ಇಲ್ಲ.

ಪೇಪರಿನ ತುಣುಕು ಅಂದೆವಲ್ಲ, ಅಲ್ಲಿ ನಮ್ಮ ತಪ್ಪೂ ಇದೆ. ನಾವು ತಾಲ್ಲೂಕು ಜಿಲ್ಲೆ ಸುತ್ತಿ ಸುದ್ದಿ ಕಳಿಸುವವರು. ಇಷ್ಟು ವರ್ಷ ನಾವು ಕಳಿಸಿದ ಸುದ್ದಿ ತೆಗೆದು ನೋಡಿದೆವು. ‘ರಾತ್ರಿ ನಡೆದ ರಸಮಂಜರಿ ಕಾರ್ಯಕ್ರಮ ಜನಮನ ಸೂರೆಗೊಂಡಿತು.’ ಸೂರೆಗೊಂಡದ್ದು ಯಾರು? ಬರೆದಿಲ್ಲ. ಕೆಳಗೆ ‘ಈ ಸಂದರ್ಭದಲ್ಲಿ ಉಪಸ್ಥಿತರಿದ್ದರು’ ಎಂದು ಹದಿನಾಲ್ಕು ಹೆಸರು, ಅದರಲ್ಲಿ ಅರ್ಧ ಜನ ದೀಪ ಹಚ್ಚಿ ಊಟ ಮಾಡಿ ಹೋದವರು. ನಮ್ಮದೂ ಸಾಲಿನ ಲೆಕ್ಕದ ದುಡಿಮೆ, ಎಷ್ಟೋ ಸಲ ನಮ್ಮ ಹೆಸರೂ ಬರುವುದಿಲ್ಲ. ಆ ನೋವು ಗೊತ್ತಿದ್ದೂ ಇವರ ಹೆಸರು ಬಿಟ್ಟೆವಲ್ಲ, ಅದಕ್ಕೆ ಸಬೂಬಿಲ್ಲ.

ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಎಂಬ ವಾದ್ಯಗಾರರಿದ್ದರು. ಸಿನಿಮಾ ಹಾಡುಗಳಿಗೆ ನುಡಿಸುತ್ತ, ಮದುವೆ ಪಾರ್ಟಿಗಳಲ್ಲಿ ಹಾಡುತ್ತ ಬದುಕಿದವರು. 1982ರಲ್ಲಿ ಜಪಾನಿನ ಮೂರು ಪೆಟ್ಟಿಗೆ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಹೊರದೇಶದಲ್ಲಿ ಮತ್ತೆ ಬಿಡುಗಡೆಯಾದಾಗ, ಇಂಥ ಸಂಗೀತ ನಾವು ಕಂಡುಹಿಡಿಯುವ ಮೊದಲೇ ಇವರು ಮಾಡಿಟ್ಟಿದ್ದರೇ ಎಂದು ಪಶ್ಚಿಮದವರು ಬೆರಗಾದರು. ಎಪ್ಪತ್ತರ ಹರೆಯದಲ್ಲಿ ಅವರನ್ನು ಯುರೋಪಿಗೆ ಕರೆಸಿ ನುಡಿಸಿದರು. 2015ರಲ್ಲಿ ತೀರಿಕೊಂಡರು. ಅವರ ಹೆಸರು ಉಳಿದದ್ದು ಹೇಗೆಂದರೆ, ಆ ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಗಿತ್ತು.

ಪೊಲೀಸರ ವಿಷಯ ಒಂದಿಷ್ಟು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು ಎನ್ನುವುದು 2000ದ ನಿಯಮ. ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ನಮ್ಮ ಪೌರಾಣಿಕ ನಾಟಕ ಶುರುವಾಗುವುದೇ ಹತ್ತಕ್ಕೆ. ನಿಯಮ ಬೇಕು, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಮಲಗಿರುವ ರೋಗಿಗಳಿದ್ದಾರೆ. ಹಾಗಾದರೆ ನಾಟಕ ಸಂಜೆ ಐದಕ್ಕೆ ಶುರು ಮಾಡಿ. ಅದು ಬಿಟ್ಟು ನಡುರಾತ್ರಿ ಯಾರೋ ಫೋನ್ ಮಾಡಿ ಮೈಕ್ ನಿಂತರೆ, ಆಟ ಅರ್ಧಕ್ಕೆ ನಿಂತಿತು ಎಂದು ವಾದ್ಯದವರ ಕೂಲಿ ಅರ್ಧ ಮಾಡುವುದು ಯಾವ ನಿಯಮದಲ್ಲಿದೆ?

ಮಾತಾದ ದುಡ್ಡನ್ನು ಚೀಟಿಯಲ್ಲಿ ಬರೆದು ಅರ್ಧ ಮುಂಗಡ ಕೊಡಿ, ಉಳಿದದ್ದು ಯುದ್ಧದ ದೃಶ್ಯಕ್ಕೆ ಮುಂಚೆ. ಇಲಾಖೆಯವರು ನಾಟಕ, ಸುಗಮ ಸಂಗೀತದ ಪಕ್ಕವಾದ್ಯದ ಪಟ್ಟಿಯಲ್ಲಿ ಕೀಬೋರ್ಡು, ರಿದಂ ಪ್ಯಾಡು ಎಂದು ಬಾಯಿಬಿಟ್ಟು ಬರೆಯಲಿ. ನಾವು ನಮ್ಮ ಪಾಲಿಗೆ, ಇನ್ನು ಮುಂದೆ ವಾದ್ಯದವರ ಹೆಸರಿಲ್ಲದೆ ಯಾವ ನಾಟಕದ ಸುದ್ದಿಯನ್ನೂ ಕಳಿಸುವುದಿಲ್ಲ. ಡೆಸ್ಕಿನವರು ಕತ್ತರಿಸಿದರೆ ದೀಪ ಹಚ್ಚಿದವರ ಪಟ್ಟಿಯನ್ನು ಕತ್ತರಿಸಲಿ.

ಮುಂದಿನ ಪರಿಷೆಯ ಕರಪತ್ರ ಪ್ರೆಸ್ಸಿಗೆ ಹೋಗುವ ಮುಂಚೆ ಕ್ಯಾಸಿಯೋದವನಿಗೆ ಒಂದು ಫೋನ್ ಮಾಡಿ. ಪೂರ್ತಿ ಹೆಸರು, ಊರು, ಇನಿಷಿಯಲ್ ಕೇಳಿ ಬರೆದುಕೊಳ್ಳಿ. ಕಾಗುಣಿತ ಸರಿಯಿದೆಯೇ ಎಂದು ಅವನಿಗೇ ಒಮ್ಮೆ ವಾಟ್ಸಾಪಿನಲ್ಲಿ ಕಳಿಸಿ ನೋಡಿಸಿ.