ಆಕಾಶದಿಂದ ಇಳಿಯುವ ವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ಹೆಣ್ಣುಮಕ್ಕಳ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ವಿಮಾನದಿಂದ ಧುಮುಕುವ ಪ್ರಸ್ತಾಪವೇಕೆಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಹೊಲಿಗೆ, ಸಂಗೀತ, ಆರೋಗ್ಯಶಾಸ್ತ್ರ, ಗೃಹಕೃತ್ಯ ಇವುಗಳಲ್ಲಿ ಯಾವುದಾದರೊಂದನ್ನು ಕುರಿತು ನಾವು ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಈ ವಿಷಯವನ್ನು ನಾವು ಹುಡುಕಿಕೊಂಡು ಹೋದವರಲ್ಲ. ಅದೇ ನಮ್ಮ ಬಾಗಿಲಿಗೆ ಬಂದಿತು.

ಕಳೆದ ವರ್ಷ ಹನೂರಿನ ಕಡೆಯ ಒಬ್ಬ ತಾಯಿ ನಮ್ಮನ್ನು ಕಾಣಬಂದರು. ಅವರ ಮಗಳು ಹತ್ತನೆಯ ತರಗತಿಯವರೆಗೆ ನಮ್ಮಲ್ಲಿಯೇ ಓದಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು. ಎರಡು ವರ್ಷಗಳ ಉಳಿತಾಯದ ಹಣವನ್ನು ಕೂಡಿಸಿಟ್ಟುಕೊಂಡು, ಪ್ಯಾರಾಚೂಟು ಕಟ್ಟಿಕೊಂಡು ವಿಮಾನದಿಂದ ಜಿಗಿಯುವುದನ್ನು ಕಲಿಯಬೇಕೆಂದು ಆಕೆ ಹಟ ಹಿಡಿದಿದ್ದಳಂತೆ. “ನಮ್ಮ ಮಾತು ಅವಳ ಕಿವಿಗೆ ಬೀಳದು. ನಿಮ್ಮ ಮಾತನ್ನಾದರೆ ಕೇಳಿಯಾಳು ಟೀಚರಮ್ಮ, ನೀವೇ ಬೇಡವೆನ್ನಿರಿ,” ಎಂದು ಆ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ನಾವು ಒಡನೆಯೇ ಆ ಹುಡುಗಿಗೆ ದೂರವಾಣಿಯಲ್ಲಿ ಬೇಡವೆಂದು ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ವಿನಯದಿಂದಲೇ ಉತ್ತರ ಕೊಟ್ಟಳು: “ಹೊಳೆಗೆ ಇಳಿಯಬೇಡಿರೆಂದು ನೀವು ಹೇಳಿದಿರಿ, ಟೀಚರ್. ನಾವು ಇಳಿಯಲಿಲ್ಲ. ಆದರೆ ಈಜು ನಮಗೆ ಬರಲಿಲ್ಲ.”

ಈ ಮಾತಿನ ಅರ್ಥ ನಮಗೆ ಗೊತ್ತಿತ್ತು. ಅವಳ ತರಗತಿಯಲ್ಲಿಯೇ ಓದಿದ ಇನ್ನೊಬ್ಬಳು, ಮದುವೆಯಾಗಿ ಹೋದ ಊರಿನಲ್ಲಿ ಬಟ್ಟೆ ಒಗೆಯಲು ಹೋದಾಗ ಕಾಲುವೆಯಲ್ಲಿ ಕಾಲು ಜಾರಿ ತೀರಿಹೋದಳು. ನೀರು ಆಳುದ್ದಕ್ಕಿಂತ ಬಹಳ ಹೆಚ್ಚೇನೂ ಇರಲಿಲ್ಲವಂತೆ. ಶಿವನಸಮುದ್ರಕ್ಕೆ ಪ್ರವಾಸ ಹೋದಾಗಲೆಲ್ಲಾ ಮಕ್ಕಳನ್ನು ನದಿಯಿಂದ ನೂರು ಗಜ ದೂರ ನಿಲ್ಲಿಸಿ, ತಲೆ ಎಣಿಸಿ, ಒಬ್ಬರಿಗೂ ಕಾಲು ನೆನೆಯದಂತೆ ಹಿಂದಕ್ಕೆ ಕರೆತಂದೆವೆಂದು ಹೆಮ್ಮೆಪಡುತ್ತಿದ್ದ ನಾವು, ಆ ಸುದ್ದಿ ಬಂದ ದಿನ ತಲೆ ತಗ್ಗಿಸಿದೆವು. ಕಾವೇರಿಯ ಮಗ್ಗುಲಲ್ಲಿ ಬೆಳೆಯುವ ಮಕ್ಕಳಿಗೆ ಬೇಡವೆಂಬುದನ್ನು ಕಲಿಸಿದ್ದೆವು, ಈಜನ್ನು ಕಲಿಸಿರಲಿಲ್ಲ. ನಿಷೇಧವನ್ನೇ ಕ್ಷೇಮವೆಂದು ಎಣಿಸಿದ್ದು ನಮ್ಮ ತಪ್ಪು. ಈ ತಪ್ಪನ್ನು ಒಪ್ಪಿಕೊಂಡೇ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇವೆ.

ಪ್ಯಾರಾಚೂಟೆಂಬುದು ನಮ್ಮ ಸೀಮೆಗೆ ತೀರ ಪರಕೀಯವಾದ ವಸ್ತುವೆಂದು ತಿಳಿಯಬೇಕಾಗಿಲ್ಲ. ನೈಲಾನು ಬರುವುದಕ್ಕೆ ಮುಂಚೆ ಆ ಗಾಳಿಕೊಡೆಯನ್ನು ರೇಷ್ಮೆಯಿಂದಲೇ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದಕ್ಕಾಗಿಯೇ ರೇಷ್ಮೆಗೆ ಬೇಡಿಕೆ ಹೆಚ್ಚಿ ಮೈಸೂರು ಸೀಮೆಯ ರೇಷ್ಮೆಯ ಕಸುಬು ಚೇತರಿಸಿಕೊಂಡಿತು. ಕೊಳ್ಳೇಗಾಲದಲ್ಲಿ ಮಗ್ಗದ ಸದ್ದು ಕೇಳುತ್ತಾ ಬೆಳೆದವರಿಗೆ, ಒಂದು ಎಳೆಯ ಬಲವೆಷ್ಟು, ಒಂದು ಎಳೆ ಹರಿದರೆ ಬಟ್ಟೆಯ ಗತಿಯೇನು ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಭಾರತದಲ್ಲಿ ಸೇನೆಯ ಪ್ಯಾರಾಚೂಟು ದಳ ಹುಟ್ಟಿದ್ದು ೧೯೪೧ರಲ್ಲಿ. ಆಗ ಮೊದಲು ಜಿಗಿದ ಭಾರತೀಯರಲ್ಲಿ ಒಬ್ಬರು ವೈದ್ಯರಾದ ಎ. ಜಿ. ರಂಗರಾಜ್, ಮುಂದೆ ಕೊರಿಯದ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಹೆಸರಾದವರು ಇವರೇ. ಸ್ತ್ರೀಯರ ಸರದಿಗಾಗಿ ಬಹುಕಾಲ ಕಾಯಬೇಕಾಗಲಿಲ್ಲ. ೧೯೫೯ರಲ್ಲಿ ವಾಯುಸೇನೆಯ ವೈದ್ಯೆ ಗೀತಾ ಚಂದ ಅವರು ಜಿಗಿದು, ನಮ್ಮ ದೇಶದ ಸೇನಾ ಸ್ತ್ರೀಯರಲ್ಲಿ ಮೊದಲಿಗರಾದರು. ರೈಲ್ವೆ ಇಲಾಖೆಯಲ್ಲಿ ಉದ್ಯೋಗದಲ್ಲಿದ್ದ ರೇಚಲ್ ಥಾಮಸ್ ಅವರು ೧೯೭೯ರಲ್ಲಿ ಮೊದಲ ಬಾರಿ ಜಿಗಿದು, ೨೦೦೨ರಲ್ಲಿ ಉತ್ತರ ಧ್ರುವದ ಮೇಲೆ ಇಳಿದರು. ಆ ಎರಡು ವರ್ಷಗಳ ನಡುವೆ ಇಪ್ಪತ್ತಮೂರು ವರ್ಷಗಳ ಅಭ್ಯಾಸವಿದೆಯೆಂಬುದನ್ನು ನಮ್ಮ ಹುಡುಗಿಯರು ಗಮನಿಸಬೇಕು. ೨೦೦೫ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಇನ್ನು ಈ ವಿದ್ಯೆಯನ್ನು ಹೊಸಬರು ಕಲಿಯುವ ಕ್ರಮವೇನೆಂಬುದನ್ನು ನೋಡೋಣ. ತಾಯಂದಿರ ಭಯವೆಲ್ಲಾ ಬಹುಮಟ್ಟಿಗೆ ಈ ಕ್ರಮವನ್ನು ಅರಿಯದುದರಿಂದ ಹುಟ್ಟುವುದು. ಹೊಸಬಳನ್ನು ಒಬ್ಬಳನ್ನೇ ವಿಮಾನದ ಬಾಗಿಲಿನಿಂದ ತಳ್ಳಿಬಿಡುತ್ತಾರೆಂದು ಅವರು ಕಲ್ಪಿಸಿಕೊಂಡಿರುತ್ತಾರೆ. ಹಾಗಲ್ಲ. ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದರಲ್ಲಿ ಕಲಿಯುವವಳನ್ನು ಅನುಭವಸ್ಥ ಶಿಕ್ಷಕರ ಮೈಗೆ ಬಿಗಿಯಾದ ಪಟ್ಟಿಗಳಿಂದ ಕಟ್ಟಿರುತ್ತಾರೆ. ಇಬ್ಬರಿಗೂ ಸೇರಿ ಒಂದೇ ದೊಡ್ಡ ಗಾಳಿಕೊಡೆ. ಅದನ್ನು ಬಿಚ್ಚುವ ಹೊಣೆ ಶಿಕ್ಷಕರದು. ಎರಡನೆಯದರಲ್ಲಿ ಸುಮಾರು ೩,೫೦೦ ಅಡಿ ಎತ್ತರದಿಂದ ಒಬ್ಬಳೇ ಜಿಗಿಯುತ್ತಾಳೆ. ಆದರೆ ವಿಮಾನಕ್ಕೆ ಬಿಗಿದ ಪಟ್ಟಿಯೊಂದು ಅವಳ ಕೊಡೆಯನ್ನು ತಾನಾಗಿಯೇ ಎಳೆದು ಬಿಚ್ಚುತ್ತದೆ. ಮೂರನೆಯದರಲ್ಲಿ ೧೦,೦೦೦ ಅಡಿಗೂ ಮೇಲಿನಿಂದ, ಮೊದಮೊದಲು ಇಬ್ಬರು ಶಿಕ್ಷಕರು ಎರಡು ಮಗ್ಗುಲಲ್ಲಿಯೂ ಹಿಡಿದುಕೊಂಡಿರಲು, ಹಂತಹಂತವಾಗಿ ಕಲಿಸುತ್ತಾರೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ದೇವಾಲಯವು ಸಮುದ್ರಮಟ್ಟದಿಂದ ಸುಮಾರು ೫,೦೦೦ ಅಡಿ ಎತ್ತರದಲ್ಲಿರುವುದೆಂದು ನೆನೆದರೆ ಆ ಎತ್ತರದ ಅಂದಾಜು ಸಿಕ್ಕೀತು. ಅಲ್ಲಿಂದ ಬೀಳುವ ದೇಹದ ವೇಗವು ಗಂಟೆಗೆ ಸುಮಾರು ೧೨೦ ಮೈಲಿಗೆ ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಏಕೆಂದರೆ ಅಷ್ಟರಲ್ಲಿ ಗಾಳಿಯ ತಡೆಯು ದೇಹದ ಭಾರಕ್ಕೆ ಸರಿದೂಗುತ್ತದೆ.

ಮೊದಲ ಪಾಠವೆಲ್ಲಾ ನೆಲದ ಮೇಲೆಯೇ. ಹೊಟ್ಟೆಯನ್ನು ಮುಂದಕ್ಕೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಕೈಕಾಲುಗಳನ್ನು ಹರಡಿ ಮಲಗುವ ಭಂಗಿಯನ್ನು ಮೈಗೆ ಹತ್ತುವವರೆಗೆ ಮಾಡಿಸುತ್ತಾರೆ. ಮಣಿಕಟ್ಟಿನ ಎತ್ತರಮಾಪಕವನ್ನು ಓದುವುದು, ನಿಗದಿಯಾದ ಎತ್ತರದಲ್ಲಿ ಕೊಡೆಯನ್ನು ಬಿಚ್ಚುವುದು, ಬಿಚ್ಚಿದ ಕೊಡೆ ಸರಿಯಾಗಿದೆಯೇ ಎಂದು ತಲೆಯೆತ್ತಿ ನೋಡುವುದು, ಸರಿಯಿಲ್ಲದಿದ್ದರೆ ಅದನ್ನು ಕಳಚಿ ಎರಡನೆಯ ಕೊಡೆಯನ್ನು ಬಿಚ್ಚುವುದು, ಇವೆಲ್ಲವನ್ನೂ ನಿದ್ದೆಯಲ್ಲಿ ಕೇಳಿದರೂ ಹೇಳುವಂತೆ ಕಲಿಯಬೇಕು. ಬೆನ್ನಿನ ಚೀಲದಲ್ಲಿ ಯಾವಾಗಲೂ ಎರಡು ಕೊಡೆಗಳಿರುವುವು. ಎರಡನೆಯದನ್ನು ಅಧಿಕೃತವಾಗಿ ತರಬೇತಾದವರೇ ಮಡಿಸಿಡಬೇಕು. ಗೊತ್ತಾದ ಅವಧಿಗೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಸಬೇಕು. ಇವುಗಳ ಜೊತೆಗೆ, ಜಿಗಿದವಳು ಎಚ್ಚರ ತಪ್ಪಿದರೂ ನಿಗದಿಯಾದ ಎತ್ತರದಲ್ಲಿ ಎರಡನೆಯ ಕೊಡೆಯನ್ನು ತಾನೇ ಬಿಚ್ಚಿಸುವ ಚಿಕ್ಕ ಯಂತ್ರವೊಂದು ಬಳಕೆಗೆ ಬಂದು ಅನೇಕರ ಜೀವವನ್ನುಳಿಸಿದೆ. ಕೊನೆಯ ಪಾಠ ಇಳಿಯುವುದು. ಗಾಳಿಗೆ ಎದುರಾಗಿ ಇಳಿಯಬೇಕು. ಪಾದಗಳೂ ಮೊಣಕಾಲುಗಳೂ ಜೋಡಿಸಿಕೊಂಡಿರಬೇಕು. ನೆಲ ಬಲವಾಗಿ ತಾಗುವಂತಿದ್ದರೆ ಪಾದ, ಮೀನಖಂಡ, ತೊಡೆ, ಸೊಂಟ, ಬೆನ್ನು ಹೀಗೆ ಕ್ರಮವಾಗಿ ಉರುಳಿ ಪೆಟ್ಟನ್ನು ಹಂಚಬೇಕು. ನೆಲವನ್ನು ಕೈಯಿಂದ ತಡೆಯಹೋದವರೇ ಕೈ ಮುರಿದುಕೊಳ್ಳುವರು.

ಹಾಗಾದರೆ ಅಪಾಯವೇ ಇಲ್ಲವೇ? ಇಲ್ಲವೆಂದರೆ ಸುಳ್ಳಾಗುವುದು. ಅಮೆರಿಕ ದೇಶದಲ್ಲಿ ೨೦೨೩ರಲ್ಲಿ ಸುಮಾರು ೩೬ ಲಕ್ಷ ೫೦ ಸಾವಿರ ಜಿಗಿತಗಳಾಗಿ, ೧೦ ಮಂದಿ ಸತ್ತರೆಂದು ಅಲ್ಲಿನ ಪ್ಯಾರಾಚೂಟು ಸಂಘದ ಲೆಕ್ಕ. ಸಂಖ್ಯೆ ಸಣ್ಣದೆಂದು ನಾವು ಹಗುರಾಗಿ ಮಾತಾಡಲಾರೆವು; ಆ ಹತ್ತರಲ್ಲಿ ಒಬ್ಬಳು ತನ್ನ ಮಗಳಾಗಿದ್ದರೆ ತಾಯಿಗೆ ಲೆಕ್ಕದಿಂದ ಸಮಾಧಾನವಿಲ್ಲ. ಆದರೆ ಅಪಾಯ ಎಲ್ಲಿ ಅಡಗಿದೆಯೆಂಬುದನ್ನು ಮಾತ್ರ ಅರಿಯಬೇಕು. ಕೊಡೆ ಬಿಚ್ಚದೆ ಸಾಯುವುದೊಂದೇ ಅಪಾಯವೆಂದು ನಾವು ಹೊರಗಿನವರು ತಿಳಿಯುತ್ತೇವೆ. ಕೊಡೆ ಚೆನ್ನಾಗಿ ಬಿಚ್ಚಿಕೊಂಡ ಮೇಲೂ, ನೆಲಕ್ಕೆ ಹತ್ತಿರದಲ್ಲಿ ಅವಸರದಿಂದ ತಿರುಗಿಸಹೋಗಿ ಸತ್ತವರು ಅನೇಕರು. ಹಿಂದಿನ ಒಂದು ಸಂಗತಿಯನ್ನು ಹೇಳುತ್ತೇವೆ. ೧೮೯೨ರಲ್ಲಿ ಢಾಕಾ ನಗರದಲ್ಲಿ ಜೀನೆಟ್ ವಾನ್ ಟಾಸೆಲ್ ಎಂಬ ಯುವತಿಯು ಬಲೂನಿನಲ್ಲಿ ಮೇಲೇರಿ ಪ್ಯಾರಾಚೂಟಿನಿಂದ ಇಳಿದಳು. ಕೊಡೆ ಮರಕ್ಕೆ ಸಿಕ್ಕಿಕೊಂಡಿತು; ಆಕೆಗೆ ಜೀವಾಪಾಯವಾಗಿರಲಿಲ್ಲ. ಕೆಳಗಿಳಿಸಲು ಬಂದವರು ಬಿದಿರುಗಳನ್ನು ಜೋಡಿಸಿ ಕಟ್ಟಿ ಆನಿಸಿದರು. ಇಳಿಯುವಾಗ ಆ ಬಿದಿರು ಮುರಿದು, ಬಿದ್ದು, ಆಕೆ ಕೆಲವು ದಿನಗಳಲ್ಲಿ ತೀರಿಕೊಂಡಳು. ಆಕಾಶವು ಕೈಬಿಡಲಿಲ್ಲ, ಅವಸರವು ಕೈಬಿಟ್ಟಿತು. ಬೆಟ್ಟದ ಸೋಲಿಗರು ಹೆಜ್ಜೇನಿಗಾಗಿ ಎತ್ತರದ ಮರಗಳನ್ನು ಹತ್ತುವುದನ್ನು ಯಳಂದೂರಿನ ಕಡೆಯವರು ಬಲ್ಲರು. ಅವರು ಅಂಜದವರೆಂದಲ್ಲ, ಯಾವುದಕ್ಕೆ ಅಂಜಬೇಕೆಂದು ಬಲ್ಲವರೆಂಬುದೇ ಅವರನ್ನು ಕಾಪಾಡುವುದು.

ಆದಕಾರಣ ತಾಯಿತಂದೆಗಳಿಗೆ ನಮ್ಮ ವಿಜ್ಞಾಪನೆ ಇದು: ಮಗಳು ಕೇಳಿದಾಗ ಬಾಯಿ ಮುಚ್ಚಿಸಬೇಡಿರಿ, ಪ್ರಶ್ನೆ ಕೇಳಿರಿ. ನೀವು ಬೇಡವೆಂದರೆ ಅವಳು ಹೋಗದಿರುವಳೆಂಬುದು ನಿಶ್ಚಯವಿಲ್ಲ. ಹೇಳದೆ ಹೋಗುವಳೆಂಬುದು ಮಾತ್ರ ಸಂಭವ. ಶಿಕ್ಷಕರ ಅರ್ಹತೆಯ ಪತ್ರವೇನು? ಎಷ್ಟು ಸಲ ಜಿಗಿದವರು? ವಿಮಾನವನ್ನು ಹಾರಿಸಲು, ಜಿಗಿಸಲು ಸರಕಾರದ ಅಪ್ಪಣೆ ಉಂಟೇ? ಎರಡನೆಯ ಕೊಡೆಯನ್ನು ಯಾರು, ಯಾವ ತಾರೀಖಿನಲ್ಲಿ ಮಡಿಸಿದರು? ತಾನಾಗಿ ಬಿಚ್ಚಿಸುವ ಯಂತ್ರವಿದೆಯೇ? ಗಾಳಿ ಎಷ್ಟಿದ್ದರೆ ನಿಲ್ಲಿಸುವರು? ಪೆಟ್ಟಾದರೆ ಆಸ್ಪತ್ರೆ ಎಷ್ಟು ದೂರ? ಈ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸುವವರ ಬಳಿ ಮಗಳನ್ನು ಕಳುಹಬಹುದು. ನಕ್ಕು ಮಾತು ಹಾರಿಸುವವರ ಬಳಿಗೆ ಕಳುಹಲಾಗದು. ನಮ್ಮ ದೇಶದಲ್ಲಿಯೂ ೨೦೨೨ರಲ್ಲಿ ಸರಕಾರವು ವಾಯುಕ್ರೀಡೆಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ, ಈ ಕ್ರೀಡೆಯನ್ನೂ ಅದರಲ್ಲಿ ಸೇರಿಸಿದೆ. ಆದುದರಿಂದ ಕೇಳುವ ಹಕ್ಕು ನಿಮಗುಂಟು.

ಹುಡುಗಿಯರಿಗೂ ಒಂದು ಮಾತು. ಬೆನ್ನುಮೂಳೆಯ ನೋವು, ಹೃದಯದ ದೌರ್ಬಲ್ಯ, ಮೂರ್ಛೆರೋಗ, ಗರ್ಭ, ಈಚಿನ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದನ್ನೂ ಬಚ್ಚಿಡಬೇಡಿರಿ. ದೇಹದ ತೂಕವನ್ನೂ ನಿಜವಾಗಿ ಹೇಳಿರಿ. ಆಭರಣಗಳನ್ನು ಮನೆಯಲ್ಲಿಯೇ ಇಡಿರಿ. ಜಡೆಯನ್ನು ಬಿಗಿಯಾಗಿ ಕಟ್ಟಿರಿ. ಚಿತ್ರ ತೆಗೆಸಿಕೊಂಡು ಊರಿಗೆಲ್ಲಾ ತೋರಿಸುವ ಆಸೆಯಿಂದ ಹೋಗುವವಳು ಹೋಗದಿರುವುದೇ ಲೇಸು. ಅವಳ ಕಣ್ಣು ಎತ್ತರಮಾಪಕದ ಮೇಲೆ ಇರಲಾರದು. ವಿಮಾನದ ಬಾಗಿಲಿನವರೆಗೂ ಹೋಗಿ, ಮನಸ್ಸು ಒಪ್ಪದಿದ್ದರೆ, “ಈ ದಿನ ಬೇಡ” ಎಂದು ಹಿಂತಿರುಗುವುದು ಅವಮಾನವಲ್ಲ. ಕಟ್ಟಿದ ಹಣ ಹೋದರೆ ಹೋಗಲಿ.

ಇದೆಲ್ಲಾ ಉಳ್ಳವರ ವಿನೋದ, ನಮ್ಮಂಥವರಿಗೇಕೆ ಎನ್ನುವವರೂ ಉಂಟು. ಆ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಖರ್ಚು ಹೆಚ್ಚು; ಅದಿಲ್ಲದೆ ಯಾರ ಜೀವನವೂ ಬಡವಾಗದು. ಸಾಲ ಮಾಡಿ ಜಿಗಿಯಬೇಕೆಂದು ನಾವು ಎಂದಿಗೂ ಹೇಳೆವು. ಆದರೆ “ಹೆಣ್ಣಿಗೇಕೆ?” ಎಂಬ ಇನ್ನೊಂದು ಆಕ್ಷೇಪಕ್ಕೆ ಮಾತ್ರ ನಾವು ಕಿವಿಗೊಡಲಾರೆವು. ಹೆಣ್ಣುಮಕ್ಕಳಿಗೆ ಓದೇಕೆ, ಸೈಕಲ್ಲೇಕೆ, ಪಟ್ಟಣದಲ್ಲಿ ಉದ್ಯೋಗವೇಕೆ ಎಂದು ಇದೇ ಬಾಯಿಗಳು ಕೇಳುತ್ತಿದ್ದುವು. ತಾನೇ ದುಡಿದ ಹಣದಲ್ಲಿ, ತಿಳಿದವರಿಂದ ಕಲಿತು, ಹೆತ್ತವರಿಗೆ ಹೇಳಿ ಹೋಗುವ ಮಗಳಲ್ಲಿ ದೋಷವೇನನ್ನೂ ನಾವು ಕಾಣೆವು.

ಆ ಹುಡುಗಿಯ ಸಮಾಚಾರವನ್ನು ವಾಚಕರು ಕೇಳಬಯಸಬಹುದು. ನಾವೂ ಅವಳ ತಾಯಿಯೂ ಕೂಡಿ ಮೇಲಿನ ಪ್ರಶ್ನೆಗಳನ್ನು ಬರೆದು ಕೊಟ್ಟೆವು. ಅವಳು ಉತ್ತರ ತಂದಳು. ಮೊದಲ ಸಲ ಹೊರರಾಜ್ಯದ ಶಿಬಿರಕ್ಕೆ ಹೋದಾಗ ಎರಡು ದಿನವೂ ಗಾಳಿ ಬಲವಾಗಿತ್ತು. ಕಲಿಯುವವರಿಗೆ ಗಂಟೆಗೆ ೧೪ ಮೈಲಿಗಿಂತ ಹೆಚ್ಚಿನ ಗಾಳಿ ಕೂಡದೆಂಬುದು ಅಮೆರಿಕದ ಸಂಘದ ನಿಯಮ. ಅಲ್ಲಿಯೂ ಅದನ್ನೇ ಪಾಲಿಸಿದರಂತೆ. ಜಿಗಿಯದೆಯೇ ಹಿಂದಿರುಗಿದಳು. ಗೆಳತಿಯರು ನಕ್ಕರಂತೆ. ಎರಡನೆಯ ಸಲ, ಮೂರು ತಿಂಗಳ ಮೇಲೆ, ಶಿಕ್ಷಕರೊಡನೆ ಕಟ್ಟಿಕೊಂಡು ಜಿಗಿದು ಸುಖವಾಗಿ ಇಳಿದಳು. ಎರಡನೆಯ ಸುದ್ದಿಗಿಂತ ಮೊದಲನೆಯದೇ ನಮಗೆ ಹೆಚ್ಚು ಸಂತೋಷವನ್ನು ಕೊಟ್ಟಿತು. ಹಿಂತಿರುಗಲು ಬಲ್ಲವಳು ಎಲ್ಲಿಗೆ ಬೇಕಾದರೂ ಹೋಗಬಹುದು.

ಕಡೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಒಂದು ಬಿನ್ನಹ. ಆಕಾಶದ ವಿದ್ಯೆ ಕೆಲವರಿಗೆ ಸಾಕು. ನೀರಿನ ವಿದ್ಯೆ ಎಲ್ಲರಿಗೂ ಬೇಕು. ಹೊಳೆ, ಕೆರೆ, ಕಾಲುವೆಗಳಿರುವ ನಮ್ಮ ಮೂರು ತಾಲ್ಲೂಕುಗಳಲ್ಲಿ ಶಾಲೆ ಬಿಡುವ ಪ್ರತಿಯೊಬ್ಬ ಹುಡುಗಿಗೂ ಈಜು ಬರುವಂತಾಗಲು, ನುರಿತ ಶಿಕ್ಷಕಿಯನ್ನೂ ಸುರಕ್ಷಿತವಾದ ಕೊಳವನ್ನೂ ಒದಗಿಸುವ ಪ್ರಯತ್ನಕ್ಕೆ ನೀವು ಕೈಗೂಡಿಸಬೇಕು. ನೀರಿಗಿಳಿಯದೆ ಈಜು ಬಾರದೆಂದು ಹಿರಿಯರು ಹೇಳಿದ್ದಾರೆ. ಆ ಮಾತು ಗೊತ್ತಿದ್ದೂ ನಾವು ಮಕ್ಕಳನ್ನು ದಡದಲ್ಲಿ ನಿಲ್ಲಿಸಿದೆವು. ಇನ್ನು ಮುಂದೆ ಹಾಗಾಗದಿರಲಿ.