ಕ್ಲಚ್ ಪೆಡಲಿಗೆ ಟ್ಯೂಬ್ ಕಟ್ಟಿದ್ದು ಸಾಕು

ಕಬ್ಬು, ಜಲ್ಲಿ ಹೊಡೆಯುವ ಹಳೇ ಲಾರಿಗಳಲ್ಲಿ ಕ್ಲಚ್ ಪೆಡಲ್ ಸ್ಪ್ರಿಂಗ್ ಕಳಚಿದರೆ ಸೈಕಲ್ ಟ್ಯೂಬ್ ಕಟ್ಟಿ ಓಡಿಸೋದು ನಮ್ಮ ಕಡೆ ಮಾಮೂಲು. ಇದು ಜಾಣತನ ಅಲ್ಲ, ದುಡ್ಡು ಸುಡುವ ಕೆಲಸ. ಟ್ಯೂಬ್ ಸಡಿಲಾದಂತೆ ಪೆಡಲ್ ಪೂರ್ತಿ ಮೇಲೆ ಬರಲ್ಲ. ರಿಲೀಸ್ ಬೇರಿಂಗ್ ಸದಾ ಉಜ್ಜುತ್ತಲೇ ಇರುತ್ತೆ, ಲೋಡಿನಲ್ಲಿ ಪ್ಲೇಟ್ ಜಾರಿ ಸುಟ್ಟ ವಾಸನೆ ಬರುತ್ತೆ. ಆಮೇಲೆ ಗೇರ್‌ಬಾಕ್ಸನ್ನೇ ಇಳಿಸಬೇಕು.

ಸ್ಪ್ರಿಂಗ್ ಹಾಕೋದು ಅಷ್ಟೇನೂ ಕಷ್ಟವಲ್ಲ. ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಒಂದು ಕೊಕ್ಕೆಯನ್ನು ಬ್ರಾಕೆಟ್ಟಿಗೆ ಸಿಕ್ಕಿಸಿ. ಇನ್ನೊಂದಕ್ಕೆ ಗಟ್ಟಿ ಹುರಿ ತೊಡಿಸಿ, ಎಳೆದು, ಪೆಡಲಿನ ತೂತಿಗೆ ಕೂರಿಸಿ. ಮುಖ ದೂರವಿರಲಿ, ಸ್ಪ್ರಿಂಗ್ ಸಿಡಿದರೆ ಕಣ್ಣಿಗೇ ಬರೋದು. ತೂತು ಸವೆದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಇಲ್ಲವಾದರೆ ಮತ್ತೆ ಕಳಚುತ್ತೆ.

ಡ್ರೈವರ್ ಇದನ್ನು ಹೇಳಿದರೆ ಓನರ್ರು ‘ಮುಂದಿನ ಟ್ರಿಪ್ಪಿಗೆ ನೋಡೋಣ’ ಅಂತಾರೆ. ಪ್ಲೇಟ್ ಸುಟ್ಟ ದಿನ ಬೈಗುಳ ಮಾತ್ರ ಡ್ರೈವರಿಗೇ.